ಆಡಿನ ಜಾಗ

ಗೂಟ ಇತ್ತು, ಗೂಟದಲ್ಲಿ ಹಗ್ಗವೂ ಇತ್ತು. ಆಡು ಮಾತ್ರ ಇರಲಿಲ್ಲ.

ಪಾತುಮ್ಮ ಗಂಜಿನೀರಿನ ಪಾತ್ರೆಯನ್ನು ಅಲ್ಲೇ ಇಟ್ಟು ಕೊಟ್ಟಿಗೆಯ ಹಿಂದೆ ನೋಡಿದಳು, ಸೌದೆ ರಾಶಿಯ ಹಿಂದೆ ನೋಡಿದಳು, ಬಾವಿಯೊಳಗೂ ಒಮ್ಮೆ ಇಣುಕಿದಳು. ಸಂಜೆಯ ಅಸರ್ ನಮಾಝ್ ಮುಗಿದು ಸ್ವಲ್ಪ ಹೊತ್ತಾಗಿತ್ತು. ಅವಳಿಗೆ ಬೆಳಗಿನಿಂದ ಹಬ್ಬದ ಮುನ್ನಾದಿನದ ಉಪವಾಸ. ನಾಳೆ ಬಕ್ರೀದ್, ನಾಳೆ ಕುರ್ಬಾನಿ ಕೊಡಬೇಕಾದ ಆಡು ಇವತ್ತು ಸಂಜೆ ಕಾಣೆಯಾದರೆ ಯಾರ ಎದೆ ಧಸಕ್ಕೆನ್ನುವುದಿಲ್ಲ? ಸೊಸೆ ಸಬೀಹಾ ಹಬ್ಬದ ಸಾಮಾನಿಗೆಂದು ಬಸ್ಸು ಹತ್ತಿ ವಿಟ್ಲ ಪೇಟೆಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ಏಳು ವರ್ಷದ ಮೊಮ್ಮಗಳು ಹನಾ ಒಬ್ಬಳೇ, ಅವಳೂ ಕಂಪ್ಯೂಟರಿನ ಮುಂದೆ.

"ಹನಾ, ಆಡನ್ನು ಕಂಡಿದ್ದೀಯಾ?"

"ಅದರ ಜಾಗದಲ್ಲಿ ಬಿಟ್ಟು ಬಂದೆ ಅಜ್ಜಿ," ಹನಾ ತಿರುಗದೆಯೇ ಹೇಳಿದಳು.

"ಯಾವ ಜಾಗ?"

"ಬೆಟ್ಟ. ಆ ಗುಡ್ಡೆ ಉಂಟಲ್ಲ, ಅಲ್ಲಿ."

ಪಾತುಮ್ಮ ಬಾಗಿಲ ದಾರಂದ ಹಿಡಿದು ನಿಂತಳು.

ಮಗ ಫೈಝಲ್ ಇನ್ನೂ ಸೌದಿಯ ದಮ್ಮಾಮಿನಲ್ಲೇ ಇದ್ದ. ಮಗಳು ಊರಿನ ಶಾಲೆಗೆ ಹೋಗಲಿ ಎಂದು ಹೆಂಡತಿಯನ್ನೂ ಮಗಳನ್ನೂ ಕಳಿಸಿದವನು, ಜೊತೆಗೆ ಈ ಕಂಪ್ಯೂಟರನ್ನೂ ಒಂದು ಸೀಡಿಯನ್ನೂ ಕಳಿಸಿದ್ದ. ಸೀಡಿಯಲ್ಲಿ ಒಂದು ಆಟ. ಪರದೆಯ ಮೇಲೆ ಕಾಡು, ಸಮುದ್ರ, ಮರಳುಗಾಡು, ಬೆಟ್ಟ. ಕೆಳಗೆ ಸಾಲಾಗಿ ನಿಂತ ಪ್ರಾಣಿಗಳು. ಒಂದೊಂದನ್ನೇ ಮೌಸಿನಿಂದ ಎಳೆದು ಅದರದರ ಜಾಗಕ್ಕೆ ಬಿಡಬೇಕು. ಸರಿಯಾದರೆ ಗಂಟೆ, ತಪ್ಪಾದರೆ ಕಪ್ಪೆಯ ವಟವಟ. ದಮ್ಮಾಮಿನ ನಾಲ್ಕನೇ ಮಾಳಿಗೆಯ ಮನೆಯಲ್ಲಿ ಬೆಳೆದ ಹುಡುಗಿಗೆ ಪ್ರಾಣಿಗಳೆಂದರೆ ಇವೇ.

ಪಾತುಮ್ಮನೂ ಎಷ್ಟೋ ಮಧ್ಯಾಹ್ನ ಅವಳ ಪಕ್ಕ ಕುಳಿತು ನೋಡಿದ್ದಳು. "ಬೆಕ್ಕನ್ನು ಎಲ್ಲಿ ಬಿಡುವುದು? ಅಡಿಗೆಮನೆ ಇಲ್ವಾ ಇದರಲ್ಲಿ?" ಎಂದು ಕೇಳಿ ಮೊಮ್ಮಗಳನ್ನು ನಗಿಸಿದ್ದಳು. ಅಡಿಗೆಮನೆ ಇಲ್ಲದ ಲೋಕ ಅದೆಂಥ ಲೋಕವೋ ಎಂದು ಅವಳಿಗೆ ನಿಜಕ್ಕೂ ಅನಿಸಿತ್ತು. ಬೆಟ್ಟದ ತುದಿಯಲ್ಲಿ ಗಡ್ಡ ಬಿಟ್ಟುಕೊಂಡು ನಿಲ್ಲುವ ಆಡನ್ನೂ ಅವಳು ನೋಡಿದ್ದಳು. ಆಗೆಲ್ಲ ಗಂಟೆ ಬಾರಿಸುತ್ತಿತ್ತು.

"ಕಟ್ಟಿ ಹಾಕಿದ್ದನ್ನು ಬಿಚ್ಚಿದ್ದು ಯಾಕೆ ಮಗಾ?"

"ನೀವೇ ಹೇಳಿದ್ದಲ್ವಾ, ಹಬ್ಬದವರೆಗೆ ಮಾತ್ರ ಕಟ್ಟುವುದು ಅಂತ? ನಾಳೆ ಹಬ್ಬ. ನಾಳೆ ಬೆಳಿಗ್ಗೆ ಉಮ್ಮ ನನ್ನನ್ನು ಅವರ ತಾಯಿಮನೆಗೆ ಕರ್ಕೊಂಡು ಹೋಗ್ತಾರೆ. ಅದಕ್ಕೆ ಇವತ್ತೇ ಬಿಟ್ಟೆ." ಹನಾ ಈಗ ತಿರುಗಿದಳು. ಅವಳ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ಹೆಮ್ಮೆ ತುಂಬಿತ್ತು. "ಹಲಸಿನ ಎಲೆ ತೋರಿಸಿದ್ರೆ ಎಲ್ಲಿಗೆ ಬೇಕಾದ್ರೂ ಬರ್ತದೆ."

ಪಾತುಮ್ಮ ಬೈಯಲು ಹೋಗಲಿಲ್ಲ. ಹಬ್ಬದವರೆಗೆ ಎಂದು ಹೇಳಿ, ಆಮೇಲೆ ಏನು ಎಂಬುದನ್ನು ನುಂಗಿಕೊಂಡವಳು ತಾನೇ. ಅದೂ ಸೊಸೆ ಕೇಳಿಕೊಂಡ ಮೇಲೆ. "ಮಾಮಿ, ಅವಳಿಗೆ ಈಗ ಹೇಳುವುದು ಬೇಡ. ಅಲ್ಲಿ ಮಾಂಸ ಅಂಗಡಿಯಿಂದ ಬರ್ತಿತ್ತು, ಅವಳಿಗೆ ಇದೆಲ್ಲ ಗೊತ್ತಿಲ್ಲ. ನಾವು ಮಧ್ಯಾಹ್ನ ಬರುವಾಗ ಎಲ್ಲ ಮುಗಿದಿರಲಿ," ಎಂದಿದ್ದಳು ಸಬೀಹಾ. ಬೆಳಿಗ್ಗೆ ಬಂದು ಆಡು ಕೊಯ್ಯಲು ಅಬ್ದುಲ್ ಶುಕೂರನಿಗೆ ಹೇಳಿಯೂ ಆಗಿತ್ತು.

"ಏಳು, ಹೋಗುವ. ಎಲ್ಲಿ ಬಿಟ್ಟದ್ದು ತೋರಿಸು."

ಗೇರುಮರಗಳು ಹೂಬಿಟ್ಟ ಕಾಲ. ಕೆಂಪುಕಲ್ಲಿನ ಏರುದಾರಿಯಲ್ಲಿ ಹನಾ ಮುಂದೆ ಮುಂದೆ ಓಡಿದಳು. ಒಣಗಿದ ಗಂಟಲು ಹೊತ್ತುಕೊಂಡು, ಮಂಡಿಗೆ ಕೈ ಊರಿಕೊಂಡು ಪಾತುಮ್ಮ ಹಿಂದೆ. ಗುಡ್ಡೆ ತುಂಬ ಮುಳ್ಳಿನ ಪೊದೆ. ಕಿವಿ ಹರಿದ ಆಡು ಕುರ್ಬಾನಿಗೆ ಸಲ್ಲದು. ಹಾಗೆಂದೇ ಎರಡು ವರ್ಷ ಅದನ್ನು ಬೇಲಿಯ ಬಳಿ ಸುಳಿಯಲು ಬಿಡದೆ ಸಾಕಿದ್ದಳು. ಹುಟ್ಟಿದ ವಾರಕ್ಕೇ ತಾಯಿ ಸತ್ತಾಗ ಸೀಸೆಯಲ್ಲಿ ಹಾಲು ಕುಡಿಸಿದವಳು ಅವಳು. ಸಿಡಿಲಿನ ರಾತ್ರಿಗಳಲ್ಲಿ ಅದು ಅವಳ ಚಾಪೆಯ ಪಕ್ಕ ಮಲಗಿದ್ದೂ ಉಂಟು. ಹೆಸರಿಡಬಾರದು, ಹೆಸರಿಟ್ಟರೆ ಆಮೇಲೆ ಕಷ್ಟ ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಆದರೆ ಕರೆಯುವಾಗ ಏನಾದರೂ ಬೇಕಲ್ಲ, ಹೆತ್ತ ಮಗನನ್ನು ಕರೆದ ಹಾಗೆಯೇ 'ಮೋನು' ಎಂದು ಬಾಯಿಗೆ ಬಂದುಬಿಟ್ಟಿತ್ತು.

ಇದೆಲ್ಲ ಗಂಡನ ಮಾತಿಗಾಗಿ. ಸಾಯುವ ಮೊದಲು ಅಬ್ಬಾಸ್ ಹೇಳಿದ್ದ: "ನನ್ನ ಹೆಸರಲ್ಲಿ ಒಂದು ಕುರ್ಬಾನಿ ಕೊಡು. ಸಂತೆಯಿಂದ ತಂದು ಮರುದಿನ ಕೊಟ್ರೆ ಅದು ದುಡ್ಡು ಕೊಟ್ಟ ಹಾಗೆ. ನೀನೇ ಸಾಕಿ ಕೊಡು." ಆಗ ಅದು ಎಷ್ಟು ಸುಲಭದ ಮಾತಾಗಿ ಕೇಳಿಸಿತ್ತು! ಹೇಳಿದವನು ಹೇಳಿ ಹೊರಟುಹೋದ, ಸಾಕುವವಳು ಇಲ್ಲಿ ಉಳಿದಳು.

"ಅಗೋ ಅಜ್ಜಿ!"

ಪಾದೆಕಲ್ಲಿನ ನೆತ್ತಿಯ ಮೇಲೆ ಆಡು ನಿಂತಿತ್ತು. ಮುಂಗಾಲೆರಡನ್ನೂ ಗೇರಿನ ಕೊಂಬೆಗೆ ಏರಿಸಿ, ಕತ್ತು ಚಾಚಿ ಚಿಗುರು ತಿನ್ನುತ್ತಿತ್ತು. ಗೂಟದ ಬುಡದಲ್ಲಿ ಕಾಣದ ಎತ್ತರವೊಂದು ಅದಕ್ಕೆ ಬಂದಂತಿತ್ತು. ಎರಡು ಕಿವಿಗಳೂ ನೆಟ್ಟಗಿದ್ದವು. ಪಾತುಮ್ಮ ಅಲ್ಹಮ್ದುಲಿಲ್ಲಾ ಎಂದು ಉಸಿರು ಬಿಟ್ಟಳು.

"ಕರೀಬೇಡಿ ಅಜ್ಜಿ," ಹನಾ ಅವಳ ಸೆರಗು ಹಿಡಿದಳು. "ಎಷ್ಟು ಖುಷಿಯಲ್ಲಿ ಉಂಟು ನೋಡಿ. ಇಲ್ಲೇ ಇರ್ಲಿ."

ಒಂದು ಕೂಗು ಸಾಕಿತ್ತು. ಪಾತುಮ್ಮ ಕೂಗಲಿಲ್ಲ. ಆಡು ಸಿಗಲಿಲ್ಲ ಎಂದರೆ ಯಾರು ಅಲ್ಲವೆನ್ನುತ್ತಾರೆ? ಮಗು ಬಿಟ್ಟುಬಿಟ್ಟಿತು, ಹುಡುಕಿದೆ, ಸಿಗಲಿಲ್ಲ. ಸಂತೆಯಿಂದ ಇನ್ನೊಂದು ತರಿಸಬಹುದು. ಶುಕೂರನೂ ನಂಬುತ್ತಾನೆ, ಸಬೀಹಾಳೂ ನಂಬುತ್ತಾಳೆ. ಆದರೆ ಮೇಲಿರುವವನಿಗೆ ಗೊತ್ತಾಗದೆ ಇರುತ್ತದೆಯೇ? ಕತ್ತಲಾದರೆ ಇಲ್ಲಿ ಊರ ನಾಯಿಗಳ ಹಿಂಡು ಸೇರುತ್ತದೆ ಎಂಬುದೂ ಅವಳಿಗೆ ಗೊತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ನಾಲಿಗೆ ಏಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಬಾರಿಗೆ, ಈ ಜೀವ ತನಗೆ ಬೇಕು ಎಂದು ಅವಳು ಮನಸ್ಸಿನಲ್ಲಿ ಒಪ್ಪಿಕೊಂಡಳು. ಒಪ್ಪಿಕೊಂಡದ್ದೇ ಕಣ್ಣು ತುಂಬಿತು.

"ಬಾ ಹನಾ, ಹೋಗುವ," ಎಂದು ಮೊಮ್ಮಗಳ ಕೈ ಹಿಡಿದು ತಿರುಗಿದಳು.

ಹತ್ತು ಹೆಜ್ಜೆ ಹೋಗಿರಲಿಲ್ಲ, ಹಿಂದಿನಿಂದ ಕಲ್ಲುಗಳು ಉರುಳುವ ಸದ್ದು ಕೇಳಿಸಿತು. ಆಡು ಪಾದೆಯಿಂದ ಪಾದೆಗೆ ಹಾರುತ್ತ, 'ಮ್ಯಾ' ಎಂದು ಊರಿಗೇ ಕೇಳುವಂತೆ ಅರಚುತ್ತ ಓಡಿ ಬರುತ್ತಿತ್ತು. ಬಂದದ್ದೇ ಪಾತುಮ್ಮನ ಸೊಂಟಕ್ಕೆ ತಲೆ ಗುದ್ದಿತು. ನನ್ನನ್ನು ಬಿಟ್ಟು ಹೋಗುವುದಾ ಎಂದು ಜಗಳಕ್ಕೆ ಬಂದ ಮಗುವಿನ ಹಾಗೆ ಗುದ್ದಿ, ಅವಳ ಬೆವರಿದ ಅಂಗೈ ನೆಕ್ಕತೊಡಗಿತು.

ಹನಾ ಬಾಯಿ ತೆರೆದುಕೊಂಡು ನೋಡಿದಳು. ಆಮೇಲೆ ಕೈತಟ್ಟಿ ನಕ್ಕಳು.

"ಅಜ್ಜಿ, ನಾನು ತಪ್ಪು ಜಾಗಕ್ಕೆ ಬಿಟ್ಟದ್ದು! ಅದರ ಜಾಗ ಬೆಟ್ಟ ಅಲ್ಲ. ಅದರ ಜಾಗ ನೀವು."

ಪಾತುಮ್ಮ ಅಲ್ಲೇ ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟಳು. ಸಾಕಿ ಕೊಡು ಎಂದು ಅಬ್ಬಾಸ್ ಯಾಕೆ ಹೇಳಿದ ಎಂಬುದು ಅವಳಿಗೆ ಈಗ ಅರ್ಥವಾಯಿತು. ಅರ್ಥವಾದದ್ದರಿಂದ ನೋವು ಎಳ್ಳಷ್ಟೂ ಕಡಿಮೆಯಾಗಲಿಲ್ಲ. ನಾಳೆ ಕೊಡುವುದು ಕೊಡುವುದೇ. ಆದರೆ ಈ ಹುಡುಗಿ ಮಧ್ಯಾಹ್ನ ಬಂದು, ಖಾಲಿ ಗೂಟ ನೋಡಿ, ಗುಡ್ಡೆ ಗುಡ್ಡೆ ಹುಡುಕುವುದು ಬೇಡ. ಸೊಸೆ ಸಿಟ್ಟು ಮಾಡಿಕೊಂಡರೆ ಮಾಡಿಕೊಳ್ಳಲಿ.

"ಹನಾ, ಇಲ್ಲಿ ಬಾ, ನನ್ನ ಹತ್ರ ಕೂತ್ಕೋ. ನಿನಗೆ ಒಂದು ಮಾತು ಹೇಳ್ಲಿಕ್ಕೆ ಉಂಟು."

"ಯಾವ ಮಾತು?"

"ನಾಳೆಯ ಮಾತು." ಪಾತುಮ್ಮ ಅವಳನ್ನು ಮಡಿಲಿಗೆ ಎಳೆದುಕೊಂಡಳು. "ಕೇಳಿ ನಿನಗೆ ನನ್ನ ಮೇಲೆ ಕೋಪ ಬರಬಹುದು. ಬಂದ್ರೆ ಬರ್ಲಿ. ಆದ್ರೆ ಪೂರ್ತಿ ಕೇಳು."

ಅವಳು ಮೆಲ್ಲಗೆ ಹೇಳತೊಡಗಿದಳು. ಹನಾ ಮೊದಲು ಅಜ್ಜಿಯ ಮುಖ ನೋಡಿದಳು, ಆಮೇಲೆ ನೋಡಲಿಲ್ಲ. ಆಡು ಸ್ವಲ್ಪ ಹೊತ್ತು ಕಾದು, ಬೇಸರವಾಗಿ, ಮನೆಯ ಕಡೆ ಇಳಿಯತೊಡಗಿತು. ದಾರಿಯ ತಿರುವಿನಲ್ಲಿ ನಿಂತು, ಇವರಿಬ್ಬರೂ ಯಾಕೆ ಇನ್ನೂ ಬರಲಿಲ್ಲ ಎಂಬಂತೆ ಹಿಂತಿರುಗಿ ನೋಡಿತು.