ಲೋ, ಹರಿ

ಹಡಗು ರಿಪೇರಿ ಮಾಡುವ ಆ ಯಾರ್ಡಿನಲ್ಲಿ ಅಣ್ಣ ತಮ್ಮ ಇಬ್ಬರೂ ಕೆಲಸಕ್ಕಿದ್ದರು. ಅಣ್ಣ ಸಿಗ್ನಲಿನವನು. ನೀರು ಖಾಲಿ ಮಾಡಿದ ದೊಡ್ಡ ಹೊಂಡದ ಕಟ್ಟೆಯ ಮೇಲೆ ವಾಕಿಟಾಕಿ ಹಿಡಿದು ನಿಂತು ಕ್ರೇನಿನವನಿಗೆ ಆಜ್ಞೆ ಕೊಡುವುದು ಅವನ ಪಾಲಿನ ಕೆಲಸ. ತಮ್ಮ ಕೆಳಗೆ, ಹೊಂಡದ ತಳದಲ್ಲಿ, ಹಡಗಿನ ಹೊಟ್ಟೆಯ ಪಕ್ಕ ನಿಂತು ಮೇಲಿನಿಂದ ಇಳಿದ ಉಕ್ಕಿನ ತಗಡುಗಳ ಕೊಂಡಿ ಬಿಚ್ಚುವವನು.

ತಮ್ಮನ ಹೆಸರು ಹರಿ. ತಾಯಿ ಆ ಹೆಸರನ್ನು ದೇವರ ಮೇಲಿನ ಭಕ್ತಿಯಿಂದಲೇ ಇಟ್ಟಿದ್ದಳು, ಆದರೆ ಹುಡುಗ ನೀರಿನ ಹಾಗೆ ಹರಿಯುವುದನ್ನೇ ಕಲಿತ. ನಿಲ್ಲಿಸಿದ ಕಡೆ ನಿಂತವನಲ್ಲ, ಕೂರಿಸಿದ ಕಡೆ ಕೂತವನಲ್ಲ. ರಸ್ತೆ ದಾಟುವಾಗ, ಬಸ್ಸು ಹತ್ತುವಾಗ, ಊಟದ ನಡುವೆ ಎದ್ದು ಹೋದಾಗ, ಅವನ ಬೆನ್ನ ಹಿಂದೆ ಅಣ್ಣನ ಗಂಟಲು ಇದ್ದೇ ಇರುತ್ತಿತ್ತು: ಲೋ, ಹರಿ. ಇಬ್ಬರಿಗೂ ಮೀಸೆ ಬಂದು, ಅಣ್ಣನಿಗೆ ಮದುವೆಯಾಗಿ, ಎಲ್ಲರೂ ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಸಂಸಾರ ಹೂಡಿದ ಮೇಲೂ ಆ ಕೂಗು ನಿಂತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತಿಗೆ, ನಿಮ್ಮಣ್ಣ ನನ್ನ ಹೆಸರು ಕರೆದದ್ದಕ್ಕಿಂತ ನಿನ್ನ ಹೆಸರು ಕರೆದದ್ದೇ ಹೆಚ್ಚು ಎಂದು ಮೈದುನನನ್ನು ರೇಗಿಸುತ್ತಿದ್ದಳು.

ಕ್ರೇನಿನವನು ಬೇರೆ ಭಾಷೆಯವನು. ಗಿಡ್ಡಗೆ, ಕಟ್ಟುಮಸ್ತಾಗಿ, ಯಾವಾಗಲೂ ಗಲ್ಲ ಉಜ್ಜಿಕೊಳ್ಳುತ್ತ ಇರುವ ಮನುಷ್ಯ. ಬೆಳಿಗ್ಗೆ ಏಣಿ ಹತ್ತಿ ಆ ಗಾಜಿನ ಗೂಡು ಸೇರಿದರೆ ಸಂಜೆಯವರೆಗೆ ಇಳಿಯುತ್ತಿರಲಿಲ್ಲ. ಯಾರ್ಡಿನ ಕನ್ನಡದವರು ಅವನನ್ನು ‘ಮೇಲಿನವನು’ ಎನ್ನುತ್ತಿದ್ದರು. ಕೆಲಸ ಬೇಗ ಮುಗಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ, ನಮ್ಮ ಕೈಯಲ್ಲೇನಿದೆ, ಎಲ್ಲಾ ಮೇಲಿನವನ ಇಚ್ಛೆ ಎಂದು ನಗುತ್ತಿದ್ದರು. ಅವನ ಭಾಷೆ ಇವರಿಗೆ ಬಾರದು, ಇವರ ಭಾಷೆ ಅವನಿಗೆ ಬಾರದು. ವಾಕಿಟಾಕಿಯಲ್ಲಿ ಓಡಾಡುತ್ತಿದ್ದದ್ದು ಬೆರಳೆಣಿಕೆಯ ಇಂಗ್ಲಿಷ್ ಮಾತುಗಳು ಮಾತ್ರ. ಹೈ ಎಂದರೆ ಎತ್ತು, ಲೋ ಎಂದರೆ ಇಳಿಸು, ಸ್ಟಾಪ್ ಎಂದರೆ ನಿಲ್ಲಿಸು. ಅಷ್ಟರಲ್ಲೇ ದೊಡ್ಡ ದೊಡ್ಡ ಹಡಗುಗಳು ರಿಪೇರಿಯಾಗಿ ಹೋಗುತ್ತಿದ್ದವು.

ಅವತ್ತು ಬಿಸಿಲು ಏರಿತ್ತು. ತಗಡುಗಳ ಒಂದು ಕಟ್ಟು ಹೊಂಡದೊಳಗೆ ಇಳಿದು ಆಳೆತ್ತರದಲ್ಲಿ ತೂಗಾಡುತ್ತಿತ್ತು. ತೂಗಾಟ ನಿಲ್ಲಲಿ ಎಂದು ಅಣ್ಣ ಸ್ಟಾಪ್ ಅಂದಿದ್ದ, ಆದರೆ ವಾಕಿಟಾಕಿಯ ಗುಂಡಿಯ ಮೇಲಿನ ಬೆರಳು ತೆಗೆದಿರಲಿಲ್ಲ. ತಗಡನ್ನು ಕೂರಿಸಲು ಇಟ್ಟಿದ್ದ ಮರದ ದಿಮ್ಮಿಯೊಂದು ಓರೆಯಾಗಿತ್ತು. ಅದನ್ನು ಸರಿಮಾಡಲು ತಮ್ಮ, ಯಾರ ಅಪ್ಪಣೆಗೂ ಕಾಯದೆ, ಸೀದಾ ಭಾರದ ಕೆಳಗೆ ಕಾಲಿಟ್ಟ. ಅಣ್ಣ, ಕೈಯಲ್ಲಿ ವಾಕಿಟಾಕಿ ಇದೆ ಎನ್ನುವುದೂ ಮರೆತು, ಇಡೀ ಜೀವ ಗಂಟಲಿಗೆ ತಂದುಕೊಂಡು ಕೂಗಿದ.

"ಲೋ, ಹರಿ..."

ಈಚೆ ಬಾ ಎನ್ನುವ ಮಾತು ಇನ್ನೂ ಬಾಯಲ್ಲೇ ಇತ್ತು. ಕಟ್ಟು ಒಂದೇ ಸಲಕ್ಕೆ ಕೆಳಗೆ ಬಂತು. ತಮ್ಮ ಹಿಂದಕ್ಕೆ ಹಾರಿದ, ಆದರೆ ಎಡಗಾಲು ಭಾರದ ಕೆಳಗೆ ಸಿಕ್ಕಿತು. ದಿಮ್ಮಿ ಭಾರದ ಅರ್ಧವನ್ನು ತಾನು ಹೊತ್ತದ್ದರಿಂದ ಪಾದ ಉಳಿಯಿತು ಎಂದು ಆಮೇಲೆ ಡಾಕ್ಟರು ಹೇಳಿದರು. ಮೂಳೆಗಳಿಗೆ ಕಂಬಿ ಹಾಕಿದರು. ಕಾಲು ಕತ್ತರಿಸಲಿಲ್ಲ. ಆದರೆ ಗಿಣ್ಣು ಇನ್ನು ಮಡಚುವುದಿಲ್ಲ ಎಂದರು.

ಯಾರ್ಡಿನಲ್ಲಿ ವಿಚಾರಣೆ ನಡೆಯಿತು. ಮೇಲ್ವಿಚಾರಕರು ಕನ್ನಡ ಬಲ್ಲವರು, ಇಂಗ್ಲಿಷನ್ನೂ ಚೆನ್ನಾಗಿ ಬಲ್ಲವರು. ಮೊದಲು ಕ್ರೇನಿನವನನ್ನು ಕೂರಿಸಿ ಇಂಗ್ಲಿಷಿನಲ್ಲಿ ಕೇಳಿದರು, ಆಮೇಲೆ ಅಣ್ಣನನ್ನು ಒಳಗೆ ಕರೆದರು. ಇಳಿಸು, ಬೇಗ ಮಾಡು ಅಂತ ನೀನೇ ಆಜ್ಞೆ ಕೊಟ್ಟೆಯಂತೆ, ಹೌದೇ ಎಂದು ಕನ್ನಡದಲ್ಲೇ ಕೇಳಿದರು. ಅಣ್ಣನಿಗೆ ರಕ್ತ ಕುದಿಯಿತು. ನಾನು ಕೊಟ್ಟದ್ದು ಸ್ಟಾಪ್ ಒಂದೇ, ಆಮೇಲೆ ಕೆಳಗಿದ್ದ ತಮ್ಮನನ್ನು ಎಚ್ಚರಿಸಲು ಕೂಗಿದೆ, ನನ್ನ ತಮ್ಮನ ಮೇಲೆ ನಾನೇ ಬೇಗ ಭಾರ ಇಳಿಸು ಅನ್ನುತ್ತೇನೆಯೇ ಎಂದ. ಏನೆಂದು ಕೂಗಿದೆ ಎಂದು ಅವರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನ ಮಾತಿನಲ್ಲಿ ನ್ಯಾಯವಿತ್ತು. ಹೊಡೆದುಕೊಳ್ಳುವ ಎದೆ ಸುಳ್ಳು ಹೇಳುವುದಿಲ್ಲ ಎಂದು ಮೇಲ್ವಿಚಾರಕರಿಗೂ ಅನ್ನಿಸಿತು. ಕ್ರೇನಿನವನಿಗೆ ಕಿವಿ ಸರಿಯಿಲ್ಲ, ಇಲ್ಲವೇ ಗಮನವಿರಲಿಲ್ಲ ಎಂದು ತೀರ್ಮಾನವಾಯಿತು. ಅವನನ್ನು ಕೆಳಗಿಳಿಸಿ ತುಕ್ಕು ಹಿಡಿದ ಗುಜರಿ ಬೇರ್ಪಡಿಸುವ ಕಡೆ ಹಾಕಿದರು.

ಅಣ್ಣ ಗೇಟಿನ ಹತ್ತಿರ ಅವನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದ. ಆದರೂ ಅವನಿಗೆ ನೆಮ್ಮದಿ ಇರಲಿಲ್ಲ. ಮನೆಯಲ್ಲಿ ಕೂತರೆ ಮಂಡಿ ತಾನಾಗಿ ಕುಣಿಯುತ್ತಿತ್ತು. ಕಿಟಕಿಗೆ ಹೋಗಿ ಬರುವುದು, ನೀರು ಕುಡಿಯುವುದು, ಮತ್ತೆ ಕಿಟಕಿಗೆ ಹೋಗುವುದು. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ, ಒಂದು ಗಳಿಗೆ ಕೂತ್ಕೋ ಎಂದು ತಾಯಿ ಗದರಿದರೆ, ಕೂತು, ಅವಳು ಅತ್ತ ತಿರುಗುತ್ತಲೇ ಏಳುತ್ತಿದ್ದ. ಹರಿಯುತ್ತಿದ್ದವನು ಹಾಸಿಗೆ ಹಿಡಿದ, ನಿಂತಿದ್ದವನು ಹರಿಯೋಕೆ ಶುರು ಮಾಡಿದ ಎಂದು ಅವಳು ಸೊಸೆಯ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು.

ಆಸ್ಪತ್ರೆಯಲ್ಲಿ ಮತ್ತೆ ಎಕ್ಸ್‌ರೇ ತೆಗೆಯುವ ದಿನ ಅಣ್ಣ ರಜೆ ಹಾಕಿ ಹೋದ. ಗಾಲಿಕುರ್ಚಿ ತಳ್ಳುವವನೊಬ್ಬ ಬಂದು ತಮ್ಮನನ್ನು ಕೂರಿಸಿಕೊಂಡು ಹೊರಟ. ಅವನೂ ಕನ್ನಡ ಬಾರದವನೇ. ಹಾಸಿಗೆಯ ಕೆಳಗೆ ತಮ್ಮನ ಬಲಗಾಲಿನ ಚಪ್ಪಲಿ ಉಳಿದದ್ದು ನೋಡಿ, ಅದನ್ನು ಕೈಗೆತ್ತಿಕೊಂಡು ಅಣ್ಣ ಹಿಂದಿನಿಂದ ಕರೆದ. ಲೋ, ಹರಿ, ಚಪ್ಪಲಿ ಇಲ್ಲೇ ಬಿಟ್ಟೆಯಲ್ಲೋ ಎಂದ. ಕುರ್ಚಿ ನಿಲ್ಲಲಿಲ್ಲ. ಬದಲಿಗೆ ತಳ್ಳುವವನು ತಲೆಯನ್ನೂ ತಿರುಗಿಸದೆ ಓಡತೊಡಗಿದ. ಗಾಲಿಗಳು ಗಡಗಡ ಸದ್ದು ಮಾಡುತ್ತ ಉದ್ದನೆಯ ಪಡಸಾಲೆಯಲ್ಲಿ ಸಾಗಿದವು. ಎದುರಿನಿಂದ ಬಂದ ನರ್ಸ್ ಗೋಡೆಗೆ ಅಂಟಿಕೊಂಡಳು. ಹರಿ, ಹರಿ ಎಂದು ಅಣ್ಣ ಇನ್ನೂ ಜೋರಾಗಿ ಕೂಗಿದಷ್ಟೂ ಆ ಮನುಷ್ಯ ಇನ್ನೂ ಜೋರಾಗಿ ಓಡಿದ.

ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ಅಣ್ಣ ಅವರನ್ನು ಹಿಡಿದಾಗ ತಳ್ಳುವವನು ಏದುಸಿರು ಬಿಡುತ್ತಿದ್ದ. ಮುರುಕು ಇಂಗ್ಲಿಷಿನಲ್ಲಿ ಬೇಸರ ತೋಡಿಕೊಂಡು, ಇನ್ನೆಷ್ಟು ಬೇಗ ಹೋಗಬೇಕಿತ್ತು ಎನ್ನುವ ಹಾಗೆ ಕೈ ಆಡಿಸಿ ಹೊರಟುಹೋದ. ತಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಅಪಘಾತವಾದ ಮೇಲೆ ಅವನು ನಕ್ಕದ್ದು ಅದೇ ಮೊದಲು.

"ನನ್ನ ಹೆಸರು ಕೇಳಿ ಓಡಿದ ಕಣೋ ಅವನು," ಎಂದ. "ಇಂಗ್ಲಿಷಲ್ಲಿ ಬೇಗ ಮಾಡು ಅನ್ನೋಕೂ ಹರಿ ಅಂತಾನೇ ಅಲ್ವಾ. ನೀನು ಕೂಗಿದಷ್ಟೂ ಓಡ್ತಾನೆ."

ಅಣ್ಣ ನಗಲಿಲ್ಲ. ಚಪ್ಪಲಿ ಕೈಯಲ್ಲೇ ಇತ್ತು. ಅವನ ತಲೆಯೊಳಗೆ ಆ ಎರಡು ಮಾತುಗಳು ಮೊದಲ ಸಲ ಬೇರೆಯವರ ಕಿವಿಯಿಂದ ಕೇಳಿಸಿದವು. ಲೋ ಎಂದರೆ ಇಳಿಸು. ಹರಿ ಎಂದರೆ ಬೇಗ. ಕ್ರೇನಿನವನು ಸುಳ್ಳು ಹೇಳಿರಲಿಲ್ಲ. ಅವನ ಕಿವಿಯೂ ಚೆನ್ನಾಗಿಯೇ ಇತ್ತು. ಅಣ್ಣ ಗೋಡೆ ಹಿಡಿದ. ಏನಾಯ್ತೋ ಎಂದು ತಮ್ಮ ಕೇಳುತ್ತಿದ್ದಾಗಲೇ ಒಳಗಿನಿಂದ ಕರೆ ಬಂತು, ಕುರ್ಚಿ ಒಳಗೆ ಹೋಯಿತು.

ಅಲ್ಲಿಂದ ಅವನ ಸ್ಥಿತಿ ಇನ್ನೂ ಕೆಟ್ಟಿತು. ತಮ್ಮನನ್ನು ಮನೆಗೆ ಕರೆತಂದ ಮೇಲೂ ಹೆಸರು ಹಿಡಿದು ಕರೆಯಲಾಗದೆ, ಏಯ್, ಇಲ್ಲಿ ನೋಡು ಎನ್ನುತ್ತಿದ್ದ. ಯಾರ್ಡಿನಲ್ಲಿ ಹೊಸ ಕ್ರೇನಿನವನಿಗೆ ಆಜ್ಞೆ ಕೊಡುವಾಗ ಬಾಯಿ ತೆರೆಯಲು ಹೆದರಿಕೆ. ಊಟದ ಬಿಡುವಿನಲ್ಲಿ ಗುಜರಿ ಕಡೆ ಎರಡು ಸಲ ಹೋದ. ಆ ಗಿಡ್ಡ ಮನುಷ್ಯ ಬಗ್ಗಿ ತುಕ್ಕು ಕಬ್ಬಿಣ ಆರಿಸುತ್ತಿದ್ದ. ಎರಡು ಸಲವೂ ದೂರದಿಂದಲೇ ಹಿಂದಿರುಗಿದ.

ಕೊನೆಗೆ ಒಂದು ಸಂಜೆ ಮನೆಯವರೆಲ್ಲ ಇದ್ದಾಗ ಬಾಯಿಬಿಟ್ಟ. ಹೆಂಡತಿ ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟಳು. ಇದನ್ನು ಯಾರ್ಡಿನಲ್ಲಿ ಹೇಳಿದರೆ ಸಿಗ್ನಲ್ ಕೆಲಸ ಹೋಗುತ್ತದೆ ಎನ್ನುವುದು ಅವಳಿಗೆ ತಕ್ಷಣ ಹೊಳೆದಿತ್ತು. ತಾಯಿ ಮಾತ್ರ ಸಿಟ್ಟಾದಳು. ಹೆಸರಿಟ್ಟವಳು ನಾನು, ಹಾಗಾದರೆ ನನ್ನದೂ ತಪ್ಪೇ, ಹೆತ್ತವರು ದೇವರ ಹೆಸರಿಡುವಾಗ ಊರಿನ ಭಾಷೆಗಳನ್ನೆಲ್ಲ ಕೇಳಿಕೊಂಡು ಬರಬೇಕಾಗಿತ್ತೇ ಎಂದು ಗೊಣಗಿ ಒಳಗೆ ಹೋದಳು. ಒಳಗಿನಿಂದ ಪಾತ್ರೆಗಳ ಸದ್ದು ಬೇಕಿದ್ದಕ್ಕಿಂತ ಜೋರಾಗಿ ಕೇಳಿಸಿತು.

ತಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ.

"ನೀನು ನನ್ನ ಉಳಿಸೋಕೆ ಕೂಗಿದ್ದು. ನನಗೆ ಗೊತ್ತು," ಎಂದ.

"ಗೊತ್ತಿದ್ರೆ ಸಾಕಾ?"

"ನನಗೆ ಸಾಕು. ಆದ್ರೆ ಅವನಿಗೆ ಗೊತ್ತಿಲ್ವಲ್ಲ. ಅವನಿಗೆ ಹೇಳಬೇಕು. ನಾನೂ ಬರ್ತೀನಿ."

ರಜೆಯ ದಿನ ಇಬ್ಬರೂ ಹೊರಟರು. ಊರುಗೋಲು ಹಿಡಿದ ತಮ್ಮ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದ. ಈಗ ನಿಂತಲ್ಲಿ ನಿಲ್ಲಲಾಗದ ಅಣ್ಣ ಮುಂದೆ ಹೋಗುವುದು, ಹಿಂದೆ ಬರುವುದು ಮಾಡುತ್ತಿದ್ದ. ಕ್ರೇನಿನವನ ಮನೆ ಬಟ್ಟೆ ತೊಳೆಯುವ ಅಂಗಡಿಯ ಮೇಲೆ ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಕಿರಿದು, ತಮ್ಮ ಹತ್ತುವ ಹಾಗಿರಲಿಲ್ಲ. ಅಣ್ಣ ಹತ್ತಿ ಬಾಗಿಲು ತಟ್ಟಿದಾಗ ಕ್ರೇನಿನವನ ಹೆಂಡತಿ ಅರ್ಧ ಬಾಗಿಲು ತೆರೆದು, ಇವನು ಯಾರೆಂದು ತಿಳಿದು, ಮತ್ತೆ ಮುಚ್ಚಲು ಹೋದಳು. ಹಿಂದಿನಿಂದ ಅವನೇ ಬಂದ. ಅಣ್ಣ ಕೈಮುಗಿದು, ಕೆಳಗೆ ಬಾ ಎಂದು ಕೈಸನ್ನೆ ಮಾಡಿದ. ಜಗಳಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡನೋ ಏನೋ, ತೋಳು ಮಡಚಿಕೊಂಡೇ ಅವನು ಇಳಿದು ಬಂದ.

ಬೀದಿಯಲ್ಲಿ ತಮ್ಮ ಕಂಬಕ್ಕೆ ಒರಗಿ ನಿಂತಿದ್ದ. ಅವನ ಕಾಲು ಕಂಡು ಕ್ರೇನಿನವನು ಕಣ್ಣು ಬೇರೆ ಕಡೆ ತಿರುಗಿಸಿದ. ಅಣ್ಣ ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಇಂಗ್ಲಿಷ್ ಜೋಡಿಸಿಕೊಂಡು ಬಂದಿದ್ದ. ಅದೊಂದೂ ಬಾಯಿಗೆ ಬರಲಿಲ್ಲ. ಸ್ವಲ್ಪ ದೂರ ಸರಿದು ನಿಂತು, ತಮ್ಮನ ಕಡೆ ಬೆರಳು ತೋರಿಸಿ, ಅವತ್ತು ಕೂಗಿದ ಹಾಗೆಯೇ ಕೂಗಿದ.

"ಲೋ, ಹರಿ."

ತಮ್ಮ ಕೈ ಎತ್ತಿದ. ತನ್ನ ಎದೆ ತಟ್ಟಿಕೊಂಡು, "ಹರಿ. ನಾನು. ಮೈ ನೇಮ್," ಎಂದ.

ಕ್ರೇನಿನವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಅವನ ತುಟಿ ಆ ಎರಡು ಮಾತುಗಳನ್ನು ಸದ್ದಿಲ್ಲದೆ ಆಡಿಕೊಂಡಿತು. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತು ಮುಖವನ್ನು ಎರಡೂ ಕೈಯಿಂದ ಮುಚ್ಚಿಕೊಂಡ. ಅವನ ಹೆಂಡತಿ ಓಡಿ ಇಳಿದು ಬಂದಳು. ಅವಳಿಗೆ ಇಂಗ್ಲಿಷ್ ಅವನಿಗಿಂತ ಸ್ವಲ್ಪ ಹೆಚ್ಚು ಬರುತ್ತಿತ್ತು. ಅವಳು ಹೇಳಿದ್ದರಿಂದ ತಿಳಿಯಿತು: ಕಿವಿ ಕೆಟ್ಟಿದೆ ಎಂದು ಯಾರ್ಡಿನವರು ಅಂದಾಗಿನಿಂದ ಅವನು ಎರಡು ಕಡೆ ಕಿವಿ ಪರೀಕ್ಷೆ ಮಾಡಿಸಿದ್ದ. ಎರಡು ಕಡೆಯೂ ಕಿವಿ ಸರಿಯಿದೆ ಎಂದರು. ಹಾಗಾದರೆ ಕೆಟ್ಟಿರುವುದು ತನ್ನ ತಲೆಯೇ ಎಂದುಕೊಂಡಿದ್ದ. ಹೆಂಡತಿ ಏನಾದರೂ ಹೇಳಿದರೆ ಎರಡೆರಡು ಸಲ ಹೇಳಿಸುತ್ತಿದ್ದ, ಮಗಳನ್ನು ರಸ್ತೆ ದಾಟಿಸಲೂ ಹೆದರುತ್ತಿದ್ದ.

ಅಣ್ಣ ಅವನ ಪಕ್ಕ ಕೂತ. ಕೈ ಹಿಡಿಯಬೇಕೆನ್ನಿಸಿತು, ಹಿಡಿಯಲಿಲ್ಲ.

ಮರುದಿನ ಮೇಲ್ವಿಚಾರಕರ ಹತ್ತಿರ ಹೋದಾಗ ಅವರು ಖುಷಿಪಡಲಿಲ್ಲ. ಮುಗಿದ ವಿಚಾರವನ್ನು ಮತ್ತೆ ಕೆದಕುವುದು ಯಾರಿಗೂ ಇಷ್ಟವಿಲ್ಲ. ನಿನ್ನ ತಲೆಯ ಮೇಲೆ ನೀನೇ ಕಲ್ಲು ಎಳೆದುಕೊಳ್ಳುತ್ತಿದ್ದೀಯ, ಯೋಚನೆ ಮಾಡು, ಬೇಕಾದರೆ ನಾನು ಇದನ್ನು ಕೇಳಿಯೇ ಇಲ್ಲ ಎಂದರು. ಅಣ್ಣ ಕೂರದೆ, ಮೇಜಿನ ಮುಂದೆ ಅತ್ತಿತ್ತ ಓಡಾಡುತ್ತಲೇ, ನೀವು ಕೇಳಿದ್ದೀರಿ ಸಾರ್ ಎಂದ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಇಳಿಸು, ಬೇಗ ಮಾಡು ಎಂದು ತಾವೇ ಕನ್ನಡಕ್ಕೆ ತಿರುಗಿಸಿ ಕೇಳಿದ್ದು ಅವರಿಗೂ ನೆನಪಾಗಿರಬೇಕು. ಇಂಗ್ಲಿಷಿನಲ್ಲೇ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.

ಮೇಲಿನವನು ಮತ್ತೆ ಮೇಲೆ ಹೋದ. ವಾಕಿಟಾಕಿಯಲ್ಲಿ ಯಾರ ಹೆಸರನ್ನೂ ಹೇಳಕೂಡದು, ಎಣಿಸಿಟ್ಟ ಆಜ್ಞೆಗಳಲ್ಲದೆ ಬೇರೆ ಒಂದು ಸೊಲ್ಲೂ ಆಡಕೂಡದು ಎಂದು ನಿಯಮ ಬಂತು. ಅಣ್ಣನ ಕೈಯಿಂದ ವಾಕಿಟಾಕಿ ತೆಗೆದುಕೊಂಡು, ಅವನನ್ನು ಉಕ್ಕಿನ ಹಗ್ಗಗಳ ಉಗ್ರಾಣಕ್ಕೆ ಹಾಕಿದರು. ಎಳೆ ಬಿಟ್ಟ ಹಗ್ಗವನ್ನು ಬೇರೆ ಇಡುವುದು, ಗಟ್ಟಿ ಹಗ್ಗಕ್ಕೆ ಎಣ್ಣೆ ಹಚ್ಚುವುದು. ಮಾತೇ ಬೇಡದ ಕೆಲಸ. ತಮ್ಮನಿಗೆ ಸಾಮಾನು ಕೊಡುವ ಕಿಟಕಿಯ ಹಿಂದೆ ಕೂತು ಮಾಡುವ ಕೆಲಸ ಕೊಟ್ಟರು. ಕೂತಲ್ಲೇ ಕೂರುವುದು ಅವನಿಗೆ ಶಿಕ್ಷೆಯಾಗಿತ್ತು. ಆದರೂ ಕಿಟಕಿಗೆ ಬಂದವರನ್ನೆಲ್ಲ ನಗಿಸಿ ಕಳಿಸುತ್ತಾನೆ ಎಂದು ಸುದ್ದಿ ಬರುತ್ತಿತ್ತು.

ಸ್ವಲ್ಪ ಕಾಲದ ಮೇಲೆ ಕ್ರೇನಿನವನು ಉಗ್ರಾಣದ ಬಾಗಿಲಿಗೆ ಬಂದು ಅಣ್ಣನನ್ನು ಬೆರಳಿನಿಂದ ಕರೆದ. ಕೆಲಸ ನಿಂತಿದ್ದ ಹೊತ್ತು. ಏಣಿ ತೋರಿಸಿ, ನೀನು ಮುಂದೆ ಹತ್ತು ಎಂದು ಸನ್ನೆ ಮಾಡಿದ. ಹತ್ತುವಾಗ ಅಣ್ಣನ ಅಂಗೈ ಬೆವೆತು ಕಂಬಿ ಜಾರುತ್ತಿತ್ತು. ಮೇಲೆ ಗಾಜಿನ ಗೂಡಿನಲ್ಲಿ ಒಬ್ಬರೇ ಕೂರುವಷ್ಟು ಜಾಗ. ಕ್ರೇನಿನವನು ಅವನನ್ನು ತನ್ನ ಸೀಟಿನಲ್ಲಿ ಕೂರಿಸಿ ತಾನು ಹಿಂದೆ ನಿಂತ.

ಅಣ್ಣ ಕೆಳಗೆ ನೋಡಿದ. ಹಡಗಿನ ಬದಿ ಗೋಡೆಯ ಹಾಗೆ ಎದ್ದು ನಿಂತಿತ್ತು. ಹೊಂಡದ ತಳ ಕಾಣಿಸುತ್ತಲೇ ಇರಲಿಲ್ಲ. ತಮ್ಮ ನಿಂತಿದ್ದ ಜಾಗದಲ್ಲಿ ಕಪ್ಪು ನೆರಳು ಮಾತ್ರ ಇತ್ತು. ಕಟ್ಟೆಯ ಮೇಲೆ, ತಾನು ಇಷ್ಟು ವರ್ಷ ನಿಂತಿದ್ದ ಕಡೆ, ಬೇರೆ ಯಾರೋ ಸಿಗ್ನಲಿನವನು ಇರುವೆಯ ಹಾಗೆ ಕಂಡ. ಕ್ರೇನಿನವನು ಮೊದಲು ತನ್ನ ಕಣ್ಣು ಮುಟ್ಟಿ ಇಲ್ಲ ಎಂದು ತಲೆಯಾಡಿಸಿದ. ಆಮೇಲೆ ತನ್ನ ಕಿವಿ ಮುಟ್ಟಿ, ಬಗ್ಗಿ, ಅಣ್ಣನ ಗಂಟಲಿನ ಮೇಲೆ ಎರಡು ಬೆರಳು ಇಟ್ಟ. ಅವನ ಬೆರಳು ಎಣ್ಣೆ ಎಣ್ಣೆಯಾಗಿತ್ತು. ಏನೂ ಕಾಣದೆ, ಈ ಗಂಟಲೊಂದನ್ನೇ ನಂಬಿ ದಿನವೂ ಇಲ್ಲಿ ಕೂರುತ್ತಿದ್ದನಲ್ಲ ಎಂದು ಅಣ್ಣನಿಗೆ ಆಗ ತಿಳಿಯಿತು.

ಸಂಜೆ ಕೆಲಸ ಬಿಟ್ಟ ಮೇಲೆ ಅವನು ಗೇಟು ದಾಟಿ ಬಸ್ ನಿಲ್ದಾಣಕ್ಕೆ ಬಂದ. ಬಸ್ಸು ಬಂದು ನಿಂತಿತ್ತು, ಬಾಗಿಲು ತೆರೆದಿತ್ತು. ಅವನು ಹತ್ತಲಿಲ್ಲ. ನಿಲ್ದಾಣ ಬಿಟ್ಟು ಮುಂದಕ್ಕೆ ನಡೆದ, ಅಂಗಡಿಗಳ ಸಾಲು ದಾಟಿ, ಸೇತುವೆ ದಾಟಿ, ನಿಲ್ಲಬೇಕೆನ್ನಿಸಿದ ಕಡೆಯಲ್ಲೂ ನಿಲ್ಲಲಾಗದೆ ನಡೆಯುತ್ತಲೇ ಹೋದ. ಮನೆ ಮುಟ್ಟಿದಾಗ ಯಾಕೆ ತಡ ಎಂದು ತಾಯಿ ಕೇಳಿದಳು. ಬಸ್ಸು ಸಿಗಲಿಲ್ಲಮ್ಮ ಎಂದು ಹೇಳಿ, ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತುಕೊಂಡ.