ವಿಮಲಾಬಾಯಿ ಏನು ಓದಬೇಕು?

ಚಿತ್ತಾಪುರದ ಮಡಿವಾಳಯ್ಯನ ಮನೆಯಲ್ಲಿ ಆ ದಿನ ಬೆಳಗಿನಿಂದಲೇ ಮದುವೆ ಮನೆಯ ಗದ್ದಲ. ಮದುವೆ ಮಾತ್ರ ಯಾರದೂ ಇರಲಿಲ್ಲ. ಶಾಲೆಯಿಂದ ಒಂದು ಫಾರ್ಮು ಬಂದಿತ್ತು, ಅಷ್ಟೇ! ಮಗಳು ವಿಮಲಾಬಾಯಿ ಎಂಟನೇ ತರಗತಿ ಪಾಸಾಗಿದ್ದಳು. ಒಂಬತ್ತಕ್ಕೆ ಕಾಲಿಟ್ಟರೆ ಎಲ್ಲರೂ ಓದುವ ಪಾಠಗಳ ಜೊತೆಗೆ ಎರಡು ವಿಷಯಗಳನ್ನು ತಾನೇ ಆರಿಸಿಕೊಳ್ಳಬೇಕು. ಮುಂದೆ ಮೆಟ್ರಿಕ್ ಪರೀಕ್ಷೆಗೂ ಅವೇ. ಫಾರ್ಮು ಅವತ್ತೇ ಸಂಜೆ ಶಾಲೆಯ ಗಂಟೆ ಹೊಡೆಯುವುದರೊಳಗೆ ಹೆಡ್‌ಮಾಸ್ತರರ ಕೈ ಸೇರಬೇಕು. ಸೇರಿದ ಮೇಲೆ ಬದಲಾಯಿಸುವಂತಿಲ್ಲ.

ಆ ಮನೆತನದಲ್ಲಿ ಹೆಣ್ಣುಮಗಳು ಇಷ್ಟು ಓದಿದ್ದು ಇದೇ ಮೊದಲು. ಅಂದ ಮೇಲೆ ಸಲಹೆಗೆ ಬರವೇ? ಪಕ್ಕದ ಮನೆಯ ಸಂಗಣ್ಣ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ಬಂದ.

“ಅಯ್ಯನೋರೇ, ನಮ್ಮ ಹುಡುಗ ಏನ್ ತಗೊಂಡಾನೋ ಅದೇ ಬರೀರಿ. ಪುಸ್ತಕ ಮನ್ಯಾಗೇ ಅವ.”

ಎದುರು ಮನೆಯ ಪೀರಮ್ಮ ಬಾಗಿಲಲ್ಲೇ ನಿಂತು ಕೂಗಿದಳು. “ಹೊಲಿಗಿ ಬರಸ್ರಿ! ಗಂಡನ ಮನ್ಯಾಗ ತನ್ನ ಕುಪ್ಪಸಾನಾದ್ರೂ ಹೊಲಕೋತಾಳ.”

ಮಡಿವಾಳಯ್ಯ ಮೀಸೆಯಲ್ಲೇ ನಕ್ಕ. ಅವನು ಆಗಲೇ ತೀರ್ಮಾನಿಸಿಬಿಟ್ಟಿದ್ದ. ತಹಶೀಲ ಕಚೇರಿಯ ಮುಂದೆ ಚಾಪೆ ಹಾಸಿಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ಅವನ ಕಸುಬು. ನಿಜಾಮರ ಕಾಲದ ಶಾಲೆಯಲ್ಲಿ ಕಲಿತವನು. ಅವನ ಉರ್ದು ಅಕ್ಷರಕ್ಕೆ ಸಾಹೇಬರೇ ತಲೆದೂಗಿದ್ದರು.

“ಉರ್ದು, ಫಾರ್ಸಿ!” ಎಂದು ಘೋಷಿಸಿದ. “ಸಾಲ್ಯಾಗ ನಾ ಕಲಿತ ಮಜಮೂನ ಇವು, ಇಪ್ಪತ್ತು ವರ್ಷ ನನಗ ಅನ್ನ ಹಾಕ್ಯಾವ. ಮಗಳಿಗೂ ಹಾಕ್ತಾವ.”

“ಅಪ್ಪಾ, ನನಗ ವಿಜ್ಞಾನ ಬೇಕು,” ಎಂದಳು ವಿಮಲಾಬಾಯಿ.

“ವಿಜ್ಞಾನಾ? ಅಲ್ಲಿ ಕಪ್ಪಿ ಕೊಯ್ಸತಾರಂತ! ಅಯ್ಯನೋರ ಮನ್ಯಾಗ ಹುಟ್ಟಿ, ಕೊರಳಾಗ ಲಿಂಗ ಕಟಗೊಂಡು, ಕಪ್ಪಿ ಕೊಯ್ತೀಯೇನ? ಮಂದಿ ನಮ್ಮ ಮನಿ ನೀರ ಕುಡೀಲಿಕ್ಕಿಲ್ಲ!”

ಹುಡುಗಿಯ ಕಣ್ಣು ತುಂಬಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿ ನೀಲಾಬಾಯಿ ಕೈ ನಿಲ್ಲಿಸಿದಳು. “ಊಟ ತನ್ನಿಚ್ಛಾ, ನೋಟ ಪರರಿಚ್ಛಾ ಅಂತಾರ. ಓದು ಯಾರ ಇಚ್ಛಾರೀ? ಯಾರನ್ನಾರ ತಿಳದವರನ್ನ ಕೇಳ್ಕೊಂಡ ಬರ್ರಿ.”

“ಕೇಳೇ ಬರ್ತೀನಿ! ಹಾಜಿಸಾಬರನ್ನೇ ಕೇಳ್ತೀನಿ,” ಎಂದು ಮಡಿವಾಳಯ್ಯ ರುಮಾಲು ಸುತ್ತಿಕೊಂಡು ಹೊರಟ. ಹಾಜಿಸಾಬ ಶಾಲೆಯ ಉರ್ದು ಮಾಸ್ತರ, ಬಾಲ್ಯದ ಗೆಳೆಯ. ಉರ್ದು ತರಗತಿಗೆ ಈ ವರ್ಷ ಬಂದವರು ನಾಲ್ಕೇ ಮಕ್ಕಳು. ಐದನೆಯವರು ಸಿಗದಿದ್ದರೆ ತರಗತಿ ಮುಚ್ಚುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಬೇಡ ಎನ್ನುವ ಮನುಷ್ಯ ಅವನಲ್ಲ ಎಂದು ಮಡಿವಾಳಯ್ಯನ ಎಣಿಕೆ.

ಶಾಲೆಯಲ್ಲಿ ಹಾಜಿಸಾಬನ ಪಾಠ ಮುಗಿಯುವವರೆಗೆ ಕಾದು ಮಾತಾಡಿಸುವಾಗ ಮಧ್ಯಾಹ್ನ ಇಳಿದಿತ್ತು. ಸುದ್ದಿ ಕೇಳಿ ಅವನ ಮುಖ ಅರಳಿತು. ಮರುಕ್ಷಣವೇ ಗಂಭೀರವಾಯಿತು.

“ಕುಂದ್ರಿ ಅಯ್ಯನೋರೇ. ಮಗಳು ಮುಂದ ಏನ್ ಆಗಬೇಕಂತಾಳ?”

ಊರ ಮಂದಿಯ ಕಷ್ಟವನ್ನೆಲ್ಲ ಕೇಳಿ ಕೇಳಿ ಬರೆದ ಮಡಿವಾಳಯ್ಯ ಮಗಳನ್ನು ಈ ಒಂದು ಮಾತು ಕೇಳಿರಲಿಲ್ಲ.

“ನನಗ ಹೇಳ್ಯಾಳ,” ಎಂದ ಹಾಜಿಸಾಬ. “ಆಕೀಗೆ ನರ್ಸಬಾಯಿ ಆಗಬೇಕು. ಮೊನ್ನೆ ಸಾಲ್ಯಾಗ ಮೈಲಿ ಬ್ಯಾನಿ ಸೂಜಿ ಚುಚ್ಚಲಿಕ್ಕ ಬಂದಾಗ ಅಳೋ ಹುಡುಗರನ್ನ ತೊಡಿಮ್ಯಾಲ ಕುಂದರಿಸಿಕೊಂಡಾಕಿ ಇಕೀನೇ. ನನ್ನ ತಂಗಿ ಮಗಳು ಬಷೀರಾ ಶಹಾಬಾದ ದವಾಖಾನ್ಯಾಗ ನರ್ಸ ಇದ್ದಾಳಲ್ಲ, ಆಕೀನ್ನ ಕೇಳಿದೆ. ‘ಮಾಮಾ, ನಾ ಕಲೀಲಿಕ್ಕ ಹೋದಾಗ ವಿಜ್ಞಾನ ಓದೀಯೇನಂತ ಮೊದಲು ಕೇಳಿದ್ರು’ ಅಂದಳು.”

“ಆದ್ರ ಕಪ್ಪಿ?”

ಹಾಜಿಸಾಬ ಹೊಟ್ಟೆ ಹಿಡಿದು ನಕ್ಕ. ಕಪಾಟಿನಿಂದ ಒಂಬತ್ತನೇ ತರಗತಿಯ ವಿಜ್ಞಾನದ ಪುಸ್ತಕ ತೆಗೆದು ಮುಂದಿಟ್ಟ. “ಹುಡುಕ್ರಿ, ಎಲ್ಲಿ ಅದ ಕಪ್ಪಿ ಕೊಯ್ಯೋದು?”

ಪುಸ್ತಕ ಕನ್ನಡದ್ದು. ಮನೆಯ ಮಾತು ಕನ್ನಡವಾದರೂ ಮಡಿವಾಳಯ್ಯ ಅದನ್ನು ಓದಲು ಕಲಿತಿರಲಿಲ್ಲ, ಅವನ ಕಾಲದ ಶಾಲೆ ಕಲಿಸಿರಲಿಲ್ಲ. ಚಿತ್ರಗಳನ್ನಷ್ಟೇ ನೋಡಿದ. ಮೊಳಕೆಯೊಡೆದ ಕಡಲೆ, ಕುದಿಯುವ ನೀರು, ಮನುಷ್ಯನ ಎದೆಗೂಡು. ಕೊಯ್ದ ಕಪ್ಪೆ ಒಂದೂ ಇರಲಿಲ್ಲ.

“ಒಂದು ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಈ ವಾರ ಎಷ್ಟು ಉರ್ದು ಅರ್ಜಿ ಬರದ್ರಿ?” ಎಂದ ಹಾಜಿಸಾಬ.

ಮಡಿವಾಳಯ್ಯ ಪುಸ್ತಕ ಮುಚ್ಚಿಟ್ಟ. “ಎರಡು,” ಎಂದ. ಹೆಂಡತಿಗೂ ಹೇಳದ ಮಾತು ಅದು. ನಿಜಾಮರ ಆಳ್ವಿಕೆ ಮುಗಿದ ಮೇಲೆ ಕಚೇರಿಗೆ ಬರುವವರು ಕನ್ನಡದಲ್ಲಿ ಬರೆಯುವವರನ್ನು ಹುಡುಕುತ್ತಿದ್ದರು. ಅವನ ಚಾಪೆಯ ಮೇಲೆ ಬಿಸಿಲು ಒಂದೇ ಕೂರುತ್ತಿತ್ತು.

“ಉರ್ದು ನನ್ನ ಉಸಿರು ಅಯ್ಯನೋರೇ. ವಿಮಲಾಗ ಕಲೀಬೇಕನಿಸಿದ್ರ ದಿನಾ ಸಂಜಿಗಿ ನಮ್ಮ ಮನೀಗಿ ಬರಲಿ, ಖುಷೀಲೆ ಕಲಸ್ತೀನಿ. ಆದ್ರ ಪರೀಕ್ಷಾದ ಮಜಮೂನ ಅಪ್ಪನ ಕಸುಬು ನೋಡಿ ಆರಸೋದಲ್ಲ. ಮಗಳು ಎಲ್ಲಿಗಿ ಹೊಂಟಾಳ, ಅಲ್ಲಿ ಏನ್ ಕೇಳ್ತಾರ, ಅದು ನೋಡಿ ಆರಸಬೇಕು.”

“ನಿಮ್ಮ ಕ್ಲಾಸ ಮುಚ್ಚತಾರಲ್ರೀ?”

“ಮುಚ್ಚಿದ್ರ ನನಗ ಭಾಳ ಸಂಕಟ ಆಗ್ತದ, ಸುಳ್ಳ್ಯಾಕ ಹೇಳ್ಲಿ? ಹಂಗಂತ ಅದನ್ನ ಉಳಿಸಲಿಕ್ಕ ನಿಮ್ಮ ಮಗಳ ದಾರಿ ಕಟ್ಟಲೇನ್ರಿ? ಹೋಗ್ರಿ, ಆಕೀನ್ನೇ ಕೇಳ್ರಿ. ಗಂಟಿ ಹೊಡಿಯೋ ಹೊತ್ತಾತು!”

ಮಡಿವಾಳಯ್ಯ ಓಡಿದ. ನಿಜವಾಗಿ ಓಡಿದ. ರುಮಾಲು ಬಿಚ್ಚಿ ಹೆಗಲಿಗೆ ಬಿತ್ತು, ಅದರ ಪರಿವೆಯೇ ಇಲ್ಲ. ಮನೆಯ ಹೊಸ್ತಿಲಲ್ಲೇ ಏದುಸಿರು ಬಿಡುತ್ತ ಕೇಳಿದ. “ವಿಮಲಾ, ನೀ ಏನಾಗಬೇಕಂತೀ ಅವ್ವಾ?”

ಹುಡುಗಿ ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಕಟ್ಟೆ ಒಡೆದ ಹಾಗೆ ಮಾತು ಬಂತು. ನರ್ಸ ಆಗುತ್ತೇನೆ, ಮೊದಲನೇದು ವಿಜ್ಞಾನ, ಎರಡನೇದು ಗಣಿತ, ಔಷಧ ಅಳತೆ ಮಾಡಿ ಕೊಡಬೇಕಲ್ಲ, ಲೆಕ್ಕದಲ್ಲಿ ನಾನೇ ಮುಂದು, ಬೇಕಾದರೆ ಮಾಸ್ತರರನ್ನು ಕೇಳು!

“ಹಂಗಾರ ತಡ ಯಾಕ? ನಿನ್ನ ಫಾರ್ಮ ನೀನೇ ಬರಿ!”

ವಿಮಲಾಬಾಯಿ ನೆಲದ ಮೇಲೆ ಕೂತು ತನ್ನ ಗುಂಡಗಿನ ಕನ್ನಡ ಅಕ್ಷರದಲ್ಲಿ ಬರೆದಳು. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಲಟಿಕೆ ಮುರಿದು ದೃಷ್ಟಿ ತೆಗೆದಳು. ಅಪ್ಪ ಮಗಳು ಬಿರಬಿರನೆ ಶಾಲೆಗೆ ನಡೆದರೆ, ಸಂಗಣ್ಣ, ಪೀರಮ್ಮ ಎಲ್ಲ ಹಿಂದೆಯೇ. ಹೆಡ್‌ಮಾಸ್ತರರು ಫಾರ್ಮು ತೆಗೆದುಕೊಂಡು ಮೇಜಿನ ಮೇಲಿಟ್ಟಾಗ ಗಂಟೆ ಹೊಡೆಯಿತು. ಮಡಿವಾಳಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ, ಎಲ್ಲರೆದುರೇ ಕಣ್ಣೊರೆಸಿಕೊಂಡ.

ಹೊರಗೆ ಬಂದವನು ಮಗಳ ಕಿವಿಯ ಹತ್ತಿರ ಬಾಗಿದ.

“ವಿಮಲಾ, ನಾಳಿಂದ ನನಗೂ ಕನ್ನಡ ಬರಿಯೋದು ಕಲಸ್ತೀ ಏನವ್ವಾ? ಅರ್ಜಿ ಬರೀಬೇಕು.”

ತಾಯಂದಿರೇ, ತಂದೆಯರೇ, ಇಂಥ ಫಾರ್ಮು ನಿಮ್ಮ ಮನೆಗೂ ಬರುತ್ತದೆ. ನೆರೆಮನೆಯವರು ಬರೆಸಿದರೆಂದು ಬರೆಸಬೇಡಿ, ಕಪ್ಪೆಗೆ ಹೆದರಿ ಬಿಡಬೇಡಿ. ಮಗುವಿಗೆ ಯಾವುದು ಚೆನ್ನಾಗಿ ಬರುತ್ತದೆ ಎಂದು ಮಾಸ್ತರರನ್ನು ಕೇಳಿ. ಮಗು ಹಿಡಿಯಬೇಕೆನ್ನುವ ಕೆಲಸಕ್ಕೆ ಯಾವ ವಿಷಯ, ಯಾವ ಪರೀಕ್ಷೆ ಬೇಕು ಎಂದು ಆ ಕೆಲಸದಲ್ಲಿ ಇರುವವರನ್ನು ಕೇಳಿ. ಅದಕ್ಕೂ ಮೊದಲು ನಿಮ್ಮ ಮಗನನ್ನು, ಮಗಳನ್ನು ಹತ್ತಿರ ಕೂರಿಸಿಕೊಂಡು, ನೀನು ಏನಾಗಬೇಕು ಎಂದು ಕೇಳಿ. ಇವತ್ತೇ ಕೇಳಿ.