ಸಿದ್ಧಲಿಂಗೇಶರಿಗೊಂದು ಬ್ಯಾಕಪ್

ಅಡುಗೆಮನೆಯಲ್ಲಿ ಜಿರಳೆ ಕಂಡರೆ ಪೇಪರಿನ ಮೇಲೆ ಹತ್ತಿಸಿಕೊಂಡು ಹಿತ್ತಲಿಗೆ ಬಿಟ್ಟುಬರುವ ಮನುಷ್ಯ ನನ್ನ ಗಂಡ ಸಿದ್ಧಲಿಂಗೇಶ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ. ಅಂಥವರು ಎಲ್ ಸೆಗುಂಡೋ ಆಫೀಸಿನ ಗೆಳೆಯ ಚಂದ್ರಮೋಹನ್ ಜೊತೆ ಸ್ಯಾನ್ ಡಿಯಾಗೋ ಕಡೆಯ ಗುಡ್ಡಗಳಿಗೆ ಹಂದಿ ಬೇಟೆಗೆ ಹೋಗುತ್ತಾರೆಂದರೆ ಯಾರು ನಂಬಬೇಕು? ಕ್ಯಾಲಬಾಸಸ್ ಗುಡಿಯಲ್ಲಿ ಸಿಗುವ ನಮ್ಮವರ ಮುಂದೆ ನಾನಂತೂ ಬಾಯಿ ಬಿಟ್ಟಿಲ್ಲ.

೨೦೦೮ರ ಚಳಿಗಾಲದಲ್ಲಿ ಪೊದೆಯಿಂದ ನುಗ್ಗಿದ ಹಂದಿಯೊಂದು ಇವರ ಪ್ಯಾಂಟು ಹರಿದು ಓಡಿಹೋಯಿತು. ರೈಫಲ್ ಎತ್ತಲು ಪುರಸೊತ್ತೇ ಇರಲಿಲ್ಲವಂತೆ. ಆ ಪ್ಯಾಂಟು ಹೊಲಿದವಳು ನಾನೇ. ಹಂದಿ ತೀರ ಹತ್ತಿರ ಬಂದರೆ ಥಟ್ಟನೆ ತೆಗೆಯಲು ಒಂದು ಕೈಬಂದೂಕು, ಬ್ಯಾಕಪ್ ಅಂತಾರಲ್ಲ, ಅದಿಲ್ಲದೆ ಇನ್ನು ಹೊಸ್ತಿಲು ದಾಟಕೂಡದು ಅಂತ ಅವತ್ತೇ ಹೇಳಿಬಿಟ್ಟೆ.

ಶನಿವಾರ ನಾನೇ ಡ್ರೈವ್ ಮಾಡಿಕೊಂಡು ಬಂದೂಕಿನ ಅಂಗಡಿಗೆ ಕರೆದೊಯ್ದೆ. ಅಂಗಡಿಯ ಮುದುಕ ಒಳ್ಳೆಯವನು. "ಹಂದಿಗೆ ಸಣ್ಣದು ಸಾಲದು. ತೀರ ದೊಡ್ಡದಾದರೆ ಕೈಗೆ ಒದೆಯುತ್ತದೆ, ಎರಡನೇ ಗುಂಡು ಎಲ್ಲೋ ಹೋಗುತ್ತದೆ. ಕೈಗೆ ಒಪ್ಪಿದ್ದನ್ನೇ ತಗೊಳ್ಳಿ" ಅಂತ ಒಂದೊಂದೇ ರಿವಾಲ್ವರನ್ನು ಗಾಜಿನ ಕೌಂಟರಿನ ಮೇಲಿಟ್ಟ. ಇವರು ಒಂದನ್ನು ಭಾರ ಅಂದರು, ಇನ್ನೊಂದರ ಹಿಡಿ ದಪ್ಪ ಅಂದರು. ಸೀರೆ ಅಂಗಡಿಯವರನ್ನು ನಾನೂ ಇಷ್ಟು ಗೋಳು ಹೊಯ್ದುಕೊಂಡಿಲ್ಲ.

ಕೊನೆಗೆ ಮುದುಕ ಎದೆಗೆ ಕಟ್ಟುವ ಚರ್ಮದ ಪಟ್ಟಿ ತಂದ. ಇವರ ಅಂಗಿಯೊಳಗೆ ಉಬ್ಬಿದ್ದ ಬೆಳ್ಳಿ ಕರಡಿಗೆಯನ್ನು ನೋಡಿ, "ಇದನ್ನು ತೆಗೆದರೆ ಬಂದೂಕು ಸರಿಯಾಗಿ ಕೂರುತ್ತದೆ" ಅಂದ. ದಿನಾ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗ ಅದರಲ್ಲಿದೆ. ಇವರು ಎರಡೂ ಕೈ ಎದೆಗೆ ಅಡ್ಡ ಹಿಡಿದು ಹಿಂದೆ ಸರಿದರು. ಆ ಮುಖ ನೋಡಿ ನನಗೆ ಅನುಮಾನ ಬಂತು.

"ಖರೇ ಹೇಳ್ರಿ. ಹಂದಿ ಮೈಮ್ಯಾಲ ಬಂದ್ರ ಹೊಡೀತೀರಿ?"

"ಗೊತ್ತಿಲ್ಲ ವೈಶಾಲಿ. ಹೋದ ಸಲ ರೈಫಲ್ ಎತ್ತಲಿಕ್ಕೆ ಟೈಮ್ ಇತ್ತು. ನಾನ ಎತ್ತಲಿಲ್ಲ."

"ಮತ್ತ ಯಾಕ ಹೋಗ್ತೀರಿ?"

"ಹೆಂಡ್ತಿ ತೀರಿಕೊಂಡ ಮ್ಯಾಲ ಚಂದ್ರಮೋಹನ್ ಒಬ್ಬನ ಗುಡ್ಡಕ್ಕ ಹೊಂಟಿದ್ದ. ಮೊಣಕಾಲು ಬ್ಯಾರೆ ಸರಿ ಇಲ್ಲ. ಬಿದ್ರ ಕೇಳವ್ರು ಯಾರು? ಅವಗ ಬ್ಯಾಕಪ್ ಅಂದ್ರ ನಾನ."

ಮನೆಗೆ ಮಾರಿ, ಊರಿಗೆ ಉಪಕಾರಿ ಅಂತ ಬೈಯಬೇಕು ಅನ್ನಿಸಿತು. ಮದುವೆಯಾಗಿ ಇಷ್ಟು ವರ್ಷವಾಗಿದೆ, ಇವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಸಿಟ್ಟೂ ಅಷ್ಟೇ ಬಂತು.

ನಮ್ಮ ಮಾತು ಅರ್ಥವಾಗದೆ ಮುದುಕ ಪಿಳಿಪಿಳಿ ನೋಡುತ್ತಿದ್ದ. ನಾನು ಗಾಜಿನ ಮೇಲಿನ ರಿವಾಲ್ವರುಗಳನ್ನು ಒಂದೊಂದೇ ಎತ್ತಿ ನೋಡಿದೆ. ನಡುವಿನದು ಲಟ್ಟಣಿಗೆಯ ಹಿಡಿಯಂತೆ ಕೈಯಲ್ಲಿ ಕೂತಿತು.

"ಇದನ್ನು ಕೊಡಿ. ಪಟ್ಟಿ ಎದೆಗೆ ಬೇಡ, ಸೊಂಟಕ್ಕಿರಲಿ. ನನ್ನ ಸೊಂಟದ ಅಳತೆಗೆ" ಅಂತ ಮುದುಕನಿಗೆ ಇಂಗ್ಲಿಷಿನಲ್ಲಿ ಹೇಳಿದೆ.

ಇವರು ಗಾಬರಿಯಾದರು. "ನೀ ಎಲ್ಲಿಗೆ ಬರ್ತಿ?"

"ಗುಡ್ಡಕ್ಕ. ಹಂಟಿಂಗ್ ಲೈಸನ್ಸಿಗೆ ನಾನೂ ಅಪ್ಲೈ ಮಾಡ್ತೀನಿ. ನೀವು ಅವರನ್ನ ನೋಡ್ಕೋರಿ, ನಾ ನಿಮ್ಮನ್ನ ನೋಡ್ಕೋತೀನಿ. ಹಂದಿ ಬಂದ್ರ ನಾ ಹೊಡೀತೀನಿ. ಪಾಪ ನನಗಿರಲಿ."